ಡಾ. ಯಲ್ಲಾಪ್ರಗಡ ಸುಬ್ಬರಾಯರು

ಒಂದು ಜೀವಕೋಶವು ಎರಡಾಗುವ ಮುನ್ನ ತನ್ನ ಡಿ.ಎನ್.ಎ.ಯ ಮತ್ತೊಂದು ಪ್ರತಿಯನ್ನು ಸಿದ್ಧಪಡಿಸಿಕೊಳ್ಳುತ್ತದೆ. ಈ ಕಾರ್ಯದ ಸ್ವರೂಪವು ಜಗತ್ತಿಗೆ ತಿಳಿಯುವ ಮೊದಲೇ ಅದಕ್ಕೆ ಅತ್ಯವಶ್ಯವಾದ ಎರಡು ವಸ್ತುಗಳ ಮೇಲೆ ದುಡಿದ ಮಹನೀಯರು ಡಾ. ಯಲ್ಲಾಪ್ರಗಡ ಸುಬ್ಬರಾಯರು.

ಅವರು ೧೮೯೫ರ ಜನೆವರಿ ೧೨ರಂದು ಆಂಧ್ರದ ಭೀಮವರಂನಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಮದ್ರಾಸಿನಲ್ಲಿ ವೈದ್ಯಕೀಯ ವ್ಯಾಸಂಗ ಮಾಡುತ್ತಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿಯನ್ನು ಧರಿಸಿದರು. ಇದರಿಂದ ಆಂಗ್ಲ ಪ್ರಾಧ್ಯಾಪಕರ ಅವಕೃಪೆಗೆ ಗುರಿಯಾಗಿ, ಎಂ.ಬಿ.ಬಿ.ಎಸ್.ಗೆ ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪದವಿಗೆ ತೃಪ್ತಿಪಡಬೇಕಾಯಿತು. ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಬೇನೆಗೆ ಒಬ್ಬರ ಹಿಂದೊಬ್ಬರು ಬಲಿಯಾದುದು ಅವರ ಎದೆಯಲ್ಲಿ ಮಾಯದ ಗಾಯವಾಗಿ ಉಳಿಯಿತು.

ಮುಂದೆ ಅಮೇರಿಕೆಯ ಬಾಸ್ಟನ್ನಿಗೆ ತೆರಳಿ, ಆಸ್ಪತ್ರೆಯಲ್ಲಿ ರಾತ್ರಿಯ ಚಾಕರಿ ಮಾಡುತ್ತ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಭ್ಯಸಿಸಿದರು. ೧೯೨೯ರಲ್ಲಿ ಸೈರಸ್ ಫಿಸ್ಕೆಯವರೊಡನೆ ಸ್ನಾಯುಗಳಲ್ಲಿ ಎ.ಟಿ.ಪಿ. ಎಂಬ ಶಕ್ತಿದಾಯಕ ವಸ್ತುವನ್ನು ಗುರುತಿಸಿದರು. ಅದೇ ಕಾಲಕ್ಕೆ ಜರ್ಮನಿಯ ಕಾರ್ಲ್ ಲೋಹ್ಮನ್ನರೂ ಸ್ವತಂತ್ರವಾಗಿ ಅದನ್ನು ಕಂಡುಹಿಡಿದಿದ್ದರು. ಇಷ್ಟು ಸಾಧಿಸಿದರೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. ೧೯೪೦ರಲ್ಲಿ ಲೆಡರ್ಲಿ ಔಷಧ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರ ನೇತೃತ್ವದ ತಂಡವು ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸಹೋದರರನ್ನು ಕಸಿದುಕೊಂಡ ಸ್ಪ್ರೂ ಬೇನೆಗೆ ಅದೇ ಮದ್ದಾಯಿತು!

ಅದೇ ತಂಡವು ಫೋಲಿಕ್ ಆಮ್ಲದ ಕಾರ್ಯವನ್ನು ತಡೆಯುವ ಅಮಿನೊಪ್ಟೆರಿನ್ ಎಂಬ ಔಷಧವನ್ನೂ ಸಿದ್ಧಪಡಿಸಿತು. ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರರು ಅದನ್ನು ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ೧೬ ಮಕ್ಕಳಿಗೆ ಕೊಟ್ಟರು. ಅವರಲ್ಲಿ ೧೦ ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡ ವರದಿ ೧೯೪೮ರಲ್ಲಿ ಪ್ರಕಟವಾಯಿತು.

ಇದರ ಮರ್ಮವೇನು? ಡಿ.ಎನ್.ಎ. ನಮ್ಮ ನವಲಗುಂದ ಸೀಮೆಯ ರೈತರು ಹೊಸೆಯುವ ಎರಡೆಳೆಯ ಹಗ್ಗದಂತಿದೆ. ಹೆಲಿಕೇಸ್ ಎಂಬ ಕಿಣ್ವವು ಅದರ ಹುರಿಯನ್ನು ಬಿಚ್ಚುತ್ತದೆ. ಇದಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವುದು ಎ.ಟಿ.ಪಿ. ಪಾಲಿಮರೇಸ್ ಕಿಣ್ವವು ಹಳೆಯ ಎಳೆಗೆ ಸರಿಹೊಂದುವ ಹೊಸ ಎಳೆಯನ್ನು ಜೋಡಿಸುತ್ತದೆ. ಲೈಗೇಸ್ ಬಿಡಿ ತುಂಡುಗಳನ್ನು ಬೆಸೆಯುತ್ತದೆ. ಹೊಸ ಎಳೆಗೆ ಬೇಕಾದ ಥೈಮಿನ್ ಸಿದ್ಧವಾಗಲು ಫೋಲಿಕ್ ಆಮ್ಲ ಬೇಕು. ಆ ಆಮ್ಲವನ್ನು ಬಳಕೆಗೆ ಅಣಿಗೊಳಿಸುವ ಕಿಣ್ವವನ್ನೇ ಅಮಿನೊಪ್ಟೆರಿನ್ ಕಟ್ಟಿಹಾಕುತ್ತದೆ. ನಾರಿಲ್ಲದೆ ಹಗ್ಗ ಹೊಸೆಯಲಾದೀತೆ? ಹಾಗೆಯೇ ಕ್ಯಾನ್ಸರ್ ಕೋಶವೂ ಬೆಳೆಯಲಾರದು.

೧೯೪೮ರ ಆಗಸ್ಟ್ ತಿಂಗಳಲ್ಲಿ, ತಮ್ಮ ೫೩ನೆಯ ವಯಸ್ಸಿನಲ್ಲಿ, ಸುಬ್ಬರಾಯರು ನ್ಯೂಯಾರ್ಕಿನಲ್ಲಿ ನಿಧನರಾದರು. ವಾಟ್ಸನ್ ಮತ್ತು ಕ್ರಿಕ್ಕರು ಡಿ.ಎನ್.ಎ.ಯ ರಚನೆಯನ್ನು ವಿವರಿಸಿದ್ದು ೧೯೫೩ರಲ್ಲಿ; ಆರ್ಥರ್ ಕಾರ್ನ್‌ಬರ್ಗರು ಪಾಲಿಮರೇಸನ್ನು ಕಂಡುಹಿಡಿದದ್ದು ೧೯೫೬ರಲ್ಲಿ. ತಮ್ಮ ಔಷಧದ ಮರ್ಮವನ್ನು ತಿಳಿಯುವ ಭಾಗ್ಯ ಅವರಿಗೆ ಒದಗಲಿಲ್ಲ. ಆದರೂ ಅಮಿನೊಪ್ಟೆರಿನ್ ವರ್ಗಕ್ಕೆ ಸೇರಿದ ಮೆಥೊಟ್ರೆಕ್ಸೇಟ್ ಇಂದಿಗೂ ಅಸಂಖ್ಯ ಮಕ್ಕಳ ಪ್ರಾಣವನ್ನು ಉಳಿಸುತ್ತಿದೆ. ಆ ಮಕ್ಕಳ ಬಾಳೇ ಸುಬ್ಬರಾಯರ ನಿಜವಾದ ಸ್ಮಾರಕ.