ಕೊಡಗಿನ ಕಡೆಯ ಅರಸು

ಯುರೋಪಿನ ಬಾಲ್ಕನ್ ಪ್ರದೇಶದಲ್ಲಿ ಮಾಂಟೆನೆಗ್ರೊ ಎಂಬುದೊಂದು ಪುಟ್ಟ ಬೆಟ್ಟದ ನಾಡು. ಅದರ ದೊರೆ ನಿಕೋಲಾಸನು 1918ರಲ್ಲಿ ಸಿಂಹಾಸನವನ್ನು ಕಳೆದುಕೊಂಡು, 1921ರಲ್ಲಿ ಫ್ರಾನ್ಸಿನಲ್ಲಿ ಮಡಿದನು. ಆತನ ವೃತ್ತಾಂತವನ್ನು ಓದುವಾಗ ನಮಗೆ ನೆನಪಾದುದು ಕೊಡಗು.

ಹಾಲೇರಿ ವಂಶದ ಅರಸರು ಇನ್ನೂರು ವರ್ಷಗಳಿಗೂ ಮಿಕ್ಕು ಕೊಡಗನ್ನಾಳಿದರು. ಒಂದು ಕಡೆ ಮೈಸೂರು, ಇನ್ನೊಂದು ಕಡೆ ಮಲೆಯಾಳ. ನಡುವೆ ಈ ಕಿರುರಾಜ್ಯ. ದೊಡ್ಡ ವೀರರಾಜೇಂದ್ರನು ಟಿಪ್ಪು ಸುಲ್ತಾನನ ಸೆರೆಯಿಂದ ಪಾರಾಗಿ ಬಂದು, 1790ರಲ್ಲಿ ಇಂಗ್ಲಿಷರ ಕಂಪನಿಯೊಡನೆ ಕೌಲು ಮಾಡಿಕೊಂಡು ನಾಡನ್ನು ಉಳಿಸಿಕೊಂಡನು. ಆ ಸ್ನೇಹವೇ ಮುಂದೆ ಉರುಳಾಯಿತು.

ಆತನ ತಮ್ಮ ಲಿಂಗರಾಜನ ಮಗನೇ ಚಿಕ್ಕ ವೀರರಾಜೇಂದ್ರ. 1820ರಲ್ಲಿ ಪಟ್ಟವೇರಿದ ಈತನು ಬಂಧುಗಳನ್ನೇ ಕೊಲ್ಲಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಇಂಥ ಕತೆಗಳಲ್ಲಿ ಹಲವನ್ನು ಬರೆದಿಟ್ಟವರು ಅವನ ರಾಜ್ಯವನ್ನು ಕಸಿದುಕೊಂಡವರೇ ಎಂಬುದನ್ನು ನಾವು ಮರೆಯಬಾರದು. ಆದರೂ ಒಡಹುಟ್ಟಿದ ದೇವಮ್ಮಾಜಿಯೇ 1832ರಲ್ಲಿ ಗಂಡನೊಡನೆ ಮೈಸೂರಿಗೆ ಓಡಿಹೋಗಿ ಇಂಗ್ಲಿಷರ ರೆಸಿಡೆಂಟನ ಮರೆಹೊಕ್ಕಳೆಂದ ಮೇಲೆ, ಎಲ್ಲವೂ ಕಟ್ಟುಕತೆಯೆನ್ನಲು ಬಾರದು. ಅವರಿಬ್ಬರನ್ನೂ ಒಪ್ಪಿಸಬೇಕೆಂದು ದೊರೆಯು ಹಟ ಹಿಡಿದನು, ಕಂಪನಿಯು ಒಪ್ಪಲಿಲ್ಲ. ಮಾತುಕತೆಗೆ ಬಂದ ಕಂಪನಿಯ ದೂತನನ್ನು ದೊರೆಯು ಸೆರೆಯಲ್ಲಿಟ್ಟನು. ಇದಕ್ಕಿಂತ ದೊಡ್ಡ ತಪ್ಪನ್ನು ಅವನು ಮಾಡುವಂತಿರಲಿಲ್ಲ.

1834ರ ಏಪ್ರಿಲಿನಲ್ಲಿ ಮದರಾಸಿನ ಸೈನ್ಯವು ನಾಲ್ಕು ದಿಕ್ಕುಗಳಿಂದ ಕೊಡಗನ್ನು ಹೊಕ್ಕಿತು. ಕಾಸರಗೋಡಿನ ಬಳಿಯ ಕುಂಬಳೆಯಿಂದ ಹೊರಟ ದಂಡು ಹಿಂದಿರುಗಬೇಕಾಯಿತು. ಉತ್ತರದಿಂದ ಬಂದ ದಂಡನ್ನು ಕೊಡಗಿನ ವೀರರು ಕಾಡಿನ ಬೇಲಿಗಳ ಮರೆಯಿಂದ ಹೊಡೆದಟ್ಟಿದರು. ಗೆದ್ದವರು ಹೀಗೆ ಕಾದಾಡುತ್ತಿರುವಾಗಲೇ ದಿವಾನ ಅಪ್ಪಾರಂಡ ಬೋಪುವು ಇಂಗ್ಲಿಷರನ್ನು ಮಡಿಕೇರಿಗೆ ಕರೆತಂದನು. ಏಪ್ರಿಲ್ 6ರಂದು ಕೋಟೆಯ ಮೇಲೆ ಕಂಪನಿಯ ಬಾವುಟ ಏರಿತು. 10ರಂದು ದೊರೆ ಶರಣಾದನು. ಮೇ 7ರಂದು ಕೊಡಗು ಕಂಪನಿಯ ಸೊತ್ತಾಯಿತು. ಬೋಪು ಮಾಡಿದುದು ದ್ರೋಹವೋ, ನಾಡಿನ ರಕ್ತ ಉಳಿಸುವ ಉಪಾಯವೋ? ನಮ್ಮಲ್ಲಿ ಈ ಬಗ್ಗೆ ಒಮ್ಮತವಿಲ್ಲ.

ಪದಚ್ಯುತನಾದ ಅರಸನನ್ನು ಮೊದಲು ನಮಗೆ ದೂರವಲ್ಲದ ವೇಲೂರಿಗೂ, ಬಳಿಕ ಕಾಶಿಗೂ ಕಳುಹಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದನು. ಬಾಲಕಿಯು ಕ್ರೈಸ್ತಮತವನ್ನು ಸೇರಿದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನಿತ್ತಳು. ತಂದೆಯಾದರೋ, ದೊಡ್ಡ ವೀರರಾಜೇಂದ್ರನು ಕಂಪನಿಯಲ್ಲಿ ತೊಡಗಿಸಿದ್ದ ಹಣಕ್ಕಾಗಿ ಕಂಪನಿಯ ಮೇಲೆಯೇ ದಾವೆ ಹೂಡಿದನು! ಹಣವು ಕೈಸೇರಲಿಲ್ಲ. 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು.

ಆದರೆ ಅವನು ಕಾಶಿವಾಸಿಯಾಗಿದ್ದಾಗಲೇ ಇಲ್ಲೊಂದು ಸೋಜಿಗ ನಡೆದಿತ್ತು. ಕೊಡಗಿನಿಂದ ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಿದ ಸುಳ್ಯ, ಪುತ್ತೂರು ಸೀಮೆಗಳಲ್ಲಿ, ಅರಸರ ಕಾಲದಲ್ಲಿ ಬೆಳೆಯಾಗಿ ಸಲ್ಲುತ್ತಿದ್ದ ಕಂದಾಯವನ್ನು ಕಂಪನಿಯು ನಗದಾಗಿ ಕೇಳಿತು. ರೈತರು ಕಂಗೆಟ್ಟರು. 1837ರಲ್ಲಿ ಅವರು ಹಾಲೇರಿ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡೆದ್ದು, ಮಂಗಳೂರನ್ನು ಕೆಲದಿನ ವಶದಲ್ಲಿಟ್ಟುಕೊಂಡರು. ಬಂಡಾಯವು ಮುರಿದ ಮೇಲೆ, ಮುಖಂಡರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದರು.