ಕಟ್ಟಿಗೆಯ ಅನಿಲದಿಂದ ಹಳ್ಳಿಗೆ ಕರೆಂಟ್: 'ಅಸ್ತ್ರ' ಕಟ್ಟಿದ ವಿಜ್ಞಾನಿ ಅಮೂಲ್ಯ ರೆಡ್ಡಿ

ಬೆಂಗಳೂರು: 'ಅಸ್ತ್ರ ಒಲೆ'ಯ ಹೆಸರು ಕೇಳದ ಹಳ್ಳಿ ಕರ್ನಾಟಕದಲ್ಲಿ ಕಡಿಮೆ. ಆದರೆ ಆ 'ಅಸ್ತ್ರ'ದ ಹಿಂದಿದ್ದ ಡಾ. ಎ.ಕೆ.ಎನ್. ರೆಡ್ಡಿ ಯಾರೆಂದು ಗೊತ್ತಿರುವವರು ಈಗ ಬಹಳ ಮಂದಿ ಇಲ್ಲ.

ಅಮೂಲ್ಯ ಕುಮಾರ್ ನಾರಾಯಣ ರೆಡ್ಡಿ ಹುಟ್ಟಿದ್ದು 1930ರಲ್ಲಿ, ಬೆಂಗಳೂರಿನಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಲಂಡನ್‌ನ ಇಂಪೀರಿಯಲ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದರು. ಅವರ ವಿಷಯ ವಿದ್ಯುತ್ ರಸಾಯನಶಾಸ್ತ್ರ. ಅಮೆರಿಕದಲ್ಲಿ ಬೊಕ್ರಿಸ್ ಅವರ ಜೊತೆ ಸೇರಿ ಬರೆದ ಪಠ್ಯಪುಸ್ತಕ 1970ರಲ್ಲಿ ಹೊರಬಂದು ಜಗತ್ತಿನಾದ್ಯಂತ ವಿದ್ಯಾರ್ಥಿಗಳ ಕೈಸೇರಿತು. ಅದೇ ದಾರಿಯಲ್ಲಿ ಮುಂದುವರಿದಿದ್ದರೂ ದೊಡ್ಡ ಹೆಸರೇ ಬರುತ್ತಿತ್ತು.

ಅವರು ದಾರಿ ಬದಲಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದ ಕೆಲಸ ಹಳ್ಳಿಯ ಬಡವರಿಗೆ ಏನು ಕೊಟ್ಟಿತು ಎಂಬ ಪ್ರಶ್ನೆ ಅವರನ್ನು ಕಾಡಿತ್ತು. 1974ರಲ್ಲಿ ಸಂಸ್ಥೆಯೊಳಗೇ 'ಅಸ್ತ್ರ' ಶುರುವಾಯಿತು. ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅದರ ಕೇಂದ್ರ ತೆರೆಯಿತು.

ಮೊದಲು ಮಾಡಿದ್ದು ಲೆಕ್ಕ. ಆ ಭಾಗದ ಹಳ್ಳಿಗಳಲ್ಲಿ ಯಾವ ಶಕ್ತಿ ಎಷ್ಟು ಬಳಕೆಯಾಗುತ್ತಿದೆ ಎಂದು ಮನೆಮನೆಗೆ ಹೋಗಿ ಅಳೆದರು. ಪುರ ಗ್ರಾಮದಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ಬಹುಪಾಲು ಸೌದೆಯದ್ದು, ಕರೆಂಟಿನ ಪಾಲು ತೀರಾ ಅಲ್ಪ. ಸೌದೆ, ನೀರು ಹೊರುವ ಹೊರೆ ಹೆಚ್ಚಾಗಿ ಹೆಂಗಸರು, ಮಕ್ಕಳ ಮೇಲೆ. ದೆಹಲಿಯ ಇಂಧನ ಯೋಜನೆಗಳಲ್ಲಿ ಈ ಹೊರೆಗೆ ಅಂಕಿಯೇ ಇರಲಿಲ್ಲ ಎನ್ನಬೇಕು.

ಸೌದೆಯನ್ನು ಸುಡುವ ಬದಲು ಅನಿಲವಾಗಿಸಿದರೆ? ಗಾಳಿಯನ್ನು ಮಿತವಾಗಿ ಬಿಟ್ಟು ಉರಿಸಿದರೆ ಕಟ್ಟಿಗೆಯಿಂದ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಬೆರೆತ ಅನಿಲ ಬರುತ್ತದೆ, ಅದರಿಂದ ಎಂಜಿನ್ ಓಡುತ್ತದೆ. ತೊಂದರೆ ಇರುವುದು ಟಾರಿನಲ್ಲಿ. ಹೊಗೆಯೊಂದಿಗೆ ಬರುವ ಈ ಅಂಟು ಎಂಜಿನ್ನಿನ ವಾಲ್ವ್‌ಗಳಿಗೆ ಮೆತ್ತಿಕೊಂಡು ಯಂತ್ರವನ್ನೇ ನಿಲ್ಲಿಸುತ್ತದೆ. ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಸಂಸ್ಥೆಯಲ್ಲಿ ರೂಪಿಸಿದ ಗ್ಯಾಸಿಫೈಯರ್‌ನಲ್ಲಿ ಮೇಲ್ಭಾಗ ತೆರೆದಿರುತ್ತದೆ, ಪಕ್ಕದಿಂದಲೂ ಗಾಳಿ ಒಳಬರುತ್ತದೆ. ಟಾರು ಕೆಂಡದಂತಿರುವ ಇದ್ದಿಲಿನ ಪದರ ದಾಟಿಯೇ ಕೆಳಗಿಳಿಯಬೇಕು. ಆ ಕಾವಿಗೆ ಅದರ ಅಣುಗಳು ಒಡೆದು, ಅವೂ ಉರಿಯುವ ಅನಿಲವಾಗುತ್ತವೆ. ಕಸವಾಗಬೇಕಾದದ್ದು ಇಂಧನವಾಯಿತು.

1988ರಲ್ಲಿ ಕುಣಿಗಲ್ ತಾಲೂಕಿನದೇ ಹೊಸಹಳ್ಳಿಯಲ್ಲಿ 3.7 ಕಿಲೋವ್ಯಾಟ್‌ನ ಇಂಥ ಘಟಕ ಓಡತೊಡಗಿತು. ಊರಿನ ಮರಗಳೇ ಇಂಧನ. ಡೀಸೆಲ್ ಪೂರ್ತಿ ತಪ್ಪಲಿಲ್ಲ, ಖರ್ಚು ಮಾತ್ರ ಬಹಳ ಇಳಿಯಿತು. ಮನೆಗಳಿಗೆ ದೀಪ ಬಂತು, ನಂತರ ಕುಡಿಯುವ ನೀರು, ಹಿಟ್ಟಿನ ಗಿರಣಿ.

ಪುರದ ಕಥೆ ಇನ್ನೂ ತೊಡಕಿನದು. ಅಡುಗೆಗೆಂದು ಹಾಕಿದ ಸಮುದಾಯ ಗೋಬರ್ ಗ್ಯಾಸ್ ನಡೆಯಲಿಲ್ಲ, ಸಗಣಿಯೇ ಸಾಲಲಿಲ್ಲ. ಊರವರಿಗೆ ಮೊದಲು ಬೇಕಿದ್ದದ್ದು ನೀರು. 1987ರಲ್ಲಿ ಅದೇ ಅನಿಲದಿಂದ ಕರೆಂಟ್ ತೆಗೆದು ಕೊಳವೆಬಾವಿಯ ಪಂಪು ಓಡಿಸಿ, ನಲ್ಲಿ ನೀರು ಕೊಟ್ಟರು. ಸಗಣಿ ಕೊಟ್ಟವರಿಗೆ ಬಗ್ಗಡ ಗೊಬ್ಬರವಾಗಿ ವಾಪಸಾಗುತ್ತಿತ್ತು. ವರ್ಷಗಳ ನಂತರ ಆ ಘಟಕ ನಿಂತಿತು. ಅದರ ಪಾಠಗಳನ್ನು ರೆಡ್ಡಿಯವರೇ 2004ರಲ್ಲಿ ಬರೆದು ಪ್ರಕಟಿಸಿದರು. ತಾವೇ ಕಟ್ಟಿದ ಯೋಜನೆಯ ಸೋಲನ್ನು ಹೀಗೆ ಬಿಡಿಸಿಡುವವರು ವಿರಳ.

ಕರ್ನಾಟಕ ಸರ್ಕಾರ 2000ದವರೆಗಿನ ದೊಡ್ಡ ವಿದ್ಯುತ್ ಯೋಜನೆ ಮುಂದಿಟ್ಟಾಗ ಅವರು ಬದಲಿ ಲೆಕ್ಕ ಕೊಟ್ಟರು. ಮಿತವ್ಯಯದ ದೀಪ, ಸೌರ ವಾಟರ್ ಹೀಟರ್, ಜೈವಿಕ ಇಂಧನ ಬಳಸಿದರೆ ಅದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ ಸಾಕೆಂಬುದು ಅದರ ಸಾರ. ಸರ್ಕಾರ ಆ ದಾರಿ ಹಿಡಿಯಲಿಲ್ಲ. 2000ದಲ್ಲಿ ಬ್ರೆಜಿಲ್‌ನ ಗೋಲ್ಡೆಂಬರ್ಗ್ ಸೇರಿದಂತೆ ಮೂವರೊಂದಿಗೆ ಅವರಿಗೆ ವೋಲ್ವೋ ಪರಿಸರ ಪ್ರಶಸ್ತಿ ಬಂತು.

2006ರ ಮೇ 7ರಂದು ರೆಡ್ಡಿ ತೀರಿಕೊಂಡರು. 'ಅಸ್ತ್ರ' ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಎಂಬ ಹೆಸರಿನಲ್ಲಿ ಅದೇ ಸಂಸ್ಥೆಯಲ್ಲಿದೆ.