ರುಡಾಲ್ಫ್ ಡೀಸೆಲ್: ಎಂಜಿನ್ನಿನ ಹಿಂದಿನ ಬಾಳು

ಬೇಸಗೆ ರಜೆಯಲ್ಲಿ ಊರಿಗೆ ಹೊರಡುವ ನಮ್ಮ ಕುಟುಂಬಗಳಲ್ಲಿ ಒಂದು ಚರ್ಚೆ ತಪ್ಪದೆ ನಡೆಯುತ್ತದೆ: ಗಾಡಿ ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ, ಘಟ್ಟ ಹತ್ತುವಾಗ ಎಷ್ಟು ಕುಡಿಯುತ್ತದೆ ಎಂಬುದು. ಕೊಡಗು, ಚಿಕ್ಕಮಗಳೂರುಗಳ ಕಡೆ ಕಾಫಿ ತೋಟವುಳ್ಳ ನೆಂಟರಿದ್ದರಂತೂ ನಾಲ್ಕೂ ಚಕ್ರಗಳಿಗೆ ಬಲ ಹಾಯುವ ಜೀಪಿನ ಪ್ರಸ್ತಾಪ ಬಂದೇ ಬರುತ್ತದೆ. ಕೆಸರಿನಲ್ಲಿ ಅದಕ್ಕೆ ಸಮನಿಲ್ಲ, ಆದರೆ ಎಣ್ಣೆಯ ಖರ್ಚು ನಿಭಾಯಿಸಬೇಕಾದರೆ ಡೀಸೆಲ್ ಗಾಡಿಯೇ ಬೇಕು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಇಷ್ಟು ಸಲೀಸಾಗಿ ನಾವು ಬಳಸುವ ಈ ಪದವು ಒಬ್ಬ ಮನುಷ್ಯನ ಮನೆತನದ ಹೆಸರು ಎಂಬುದು ಬಹುಜನರ ನೆನಪಿನಲ್ಲಿಲ್ಲ. ಇಂಧನದ ಒಂದೊಂದು ಗ್ರಾಮನ್ನೂ ಉಳಿಸಲು ಹೆಣಗಿದ ಆ ವ್ಯಕ್ತಿ ತನ್ನ ಸ್ವಂತ ಗಳಿಕೆಯನ್ನು ಉಳಿಸಿಕೊಳ್ಳಲಾರದೆ ಹೋದದ್ದು ಒಂದು ದಾರುಣ ಕಥೆ.

ರುಡಾಲ್ಫ್ ಡೀಸೆಲ್ ಜನಿಸಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆತಾಯಿಗಳು ಜರ್ಮನಿಯ ಬವೇರಿಯಾ ಪ್ರಾಂತದಿಂದ ಬಂದು ನೆಲಸಿದವರು. ತಂದೆಯದು ಚರ್ಮದ ಕೈಗಾರಿಕೆ. ಪರಸ್ಥಳದಲ್ಲಿ ಬಾಳು ಕಟ್ಟಿಕೊಂಡ ನಮ್ಮಂಥವರಿಗೆ ಆ ಮನೆಯ ಸ್ಥಿತಿ ಬೇಗ ಅರ್ಥವಾದೀತು. ಮನೆಯೊಳಗೆ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಹೊತ್ತಿಕೊಂಡಾಗ ಜರ್ಮನರಿಗೆ ಪ್ಯಾರಿಸ್ಸಿನಲ್ಲಿ ಎಡೆಯಿಲ್ಲದಾಯಿತು. ಕುಟುಂಬವು ಲಂಡನ್ನಿಗೆ ವಲಸೆ ಹೋಯಿತು. ಹನ್ನೆರಡು ವರ್ಷದ ರುಡಾಲ್ಫನನ್ನು ಮಾತ್ರ ಆಗ್ಸ್‌ಬರ್ಗ್ ಪಟ್ಟಣದಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಲಾಯಿತು. ಆ ಮನೆಯ ಯಜಮಾನ ಗಣಿತದ ಉಪಾಧ್ಯಾಯ. ಎರಡು ವರ್ಷ ಕಳೆಯುವಷ್ಟರಲ್ಲಿ ಹುಡುಗನು ತಾನು ಎಂಜಿನಿಯರ್ ಆಗುವೆನೆಂದು ನಿಶ್ಚಯಿಸಿಬಿಟ್ಟಿದ್ದನು.

ವಿದ್ಯಾರ್ಥಿವೇತನದ ಬಲದಿಂದ ಮ್ಯೂನಿಕ್ಕಿನ ಪಾಲಿಟೆಕ್ನಿಕ್ ಸೇರಿದ ಅವನಿಗೆ ಅಲ್ಲಿ ದೊರೆತ ಗುರು ಕಾರ್ಲ್ ಫಾನ್ ಲಿಂಡೆ, ಶೈತ್ಯೀಕರಣ ಯಂತ್ರಗಳ ಪಿತಾಮಹ. ಉಷ್ಣಶಾಸ್ತ್ರದ ಪಾಠದಲ್ಲಿ ಲಿಂಡೆ ತಿಳಿಸಿದ ಒಂದು ಸಂಗತಿ ಈ ವಿದ್ಯಾರ್ಥಿಯ ಮನಸ್ಸನ್ನು ಬಿಡದೆ ಕಾಡಿತು. ಅಂದಿನ ಉಗಿಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲನ್ನೂ ಕೆಲಸವಾಗಿ ಪರಿವರ್ತಿಸುತ್ತಿರಲಿಲ್ಲ. ಮಿಕ್ಕ ತೊಂಬತ್ತು ಪಾಲು ಚಿಮಣಿಯಲ್ಲಿಯೂ ನೀರಿನಲ್ಲಿಯೂ ಕಳೆದುಹೋಗುತ್ತಿತ್ತು. 1880ರ ಜನವರಿಯಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ ಡೀಸೆಲ್ ಪ್ಯಾರಿಸ್ಸಿನಲ್ಲಿ ಲಿಂಡೆಯ ಮಂಜುಗಡ್ಡೆ ಯಂತ್ರಗಳ ಉದ್ಯೋಗಕ್ಕೆ ಸೇರಿದನು, 1883ರಲ್ಲಿ ಮಾರ್ತಾಳನ್ನು ವಿವಾಹವಾದನು, ಮೂವರು ಮಕ್ಕಳಾದರು. ಕೆಲಸ ಶೀತಲ ಯಂತ್ರಗಳದ್ದಾದರೂ ಚಿಂತೆಯೆಲ್ಲ ಶಾಖದ್ದೇ. ಮೊದಲು ಅಮೋನಿಯಾ ಆವಿಯ ಎಂಜಿನ್ನಿಗಾಗಿ ವರ್ಷಗಟ್ಟಲೆ ದುಡಿದನು. ಆ ಪ್ರಯೋಗಗಳಲ್ಲಿ ಆದ ಸ್ಫೋಟವೊಂದು ಅವನ ಪ್ರಾಣವನ್ನೇ ತೆಗೆಯುವುದರಲ್ಲಿತ್ತು.

ಅವನ ಕಲ್ಪನೆ ಕೇಳಲು ಸರಳ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನಾವೆಲ್ಲ ಬಲ್ಲೆವು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಇನ್ನೂ ಒತ್ತಿದರೆ ಅದರೊಳಗೆ ಸಿಂಪಡಿಸಿದ ಎಣ್ಣೆ ಕಿಡಿಯ ಸಹಾಯವಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಒತ್ತಡ ಹೆಚ್ಚಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ. 1892ರ ಫೆಬ್ರುವರಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಮುಂದಿನ ವರ್ಷ ಅದು ದೊರೆಯಿತು. ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯೂ ಕ್ರುಪ್ ಸಂಸ್ಥೆಯೂ ವೆಚ್ಚ ವಹಿಸಲು ಒಪ್ಪಿದವು.

ಕಾಗದದ ಮೇಲಿನ ಲೆಕ್ಕ ಕಬ್ಬಿಣಕ್ಕೆ ಇಳಿಯಲು ನಾಲ್ಕು ವರ್ಷ ಹಿಡಿಯಿತು. 1893ರ ಆಗಸ್ಟ್ 10ರಂದು ಮೊದಲ ಬಾರಿ ಸಿಲಿಂಡರಿನೊಳಗೆ ಇಂಧನ ಹೊತ್ತಿದಾಗ ಒತ್ತಡ ಅಳೆಯುವ ಉಪಕರಣವೇ ಸಿಡಿದು ಚೂರಾಯಿತು. ಡೀಸೆಲ್‌ಗೆ ಅದು ಸೋಲೆನಿಸಲಿಲ್ಲ. ಒತ್ತಿದ ಗಾಳಿಯಲ್ಲಿ ಇಂಧನ ತಾನಾಗಿ ಉರಿಯುವುದೆಂಬುದಕ್ಕೆ ಅದೇ ಸಾಕ್ಷಿಯಾಯಿತು. 1894ರ ಫೆಬ್ರುವರಿ 17ರಂದು ಎಂಜಿನ್ ತನ್ನ ಸ್ವಂತ ಬಲದಿಂದ ಸುಮಾರು ಒಂದು ನಿಮಿಷ ತಿರುಗಿತು, ಅಷ್ಟೇ. ಹೊರಗಿನಿಂದ ಅದನ್ನು ತಿರುಗಿಸುತ್ತಿದ್ದ ಬೆಲ್ಟನ್ನು ಎಂಜಿನ್ನೇ ಎಳೆಯತೊಡಗಿದ್ದನ್ನು ಕಂಡ ಕೆಲಸಗಾರನೊಬ್ಬನು ಮಾತಿಲ್ಲದೆ ತಲೆಯ ಟೋಪಿಯನ್ನು ತೆಗೆದನಂತೆ. ಸರಿಯಾಗಿ ಮೂರು ವರ್ಷಗಳ ನಂತರ, 1897ರ ಫೆಬ್ರುವರಿ 17ರಂದು, ಮ್ಯೂನಿಕ್ಕಿನ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರ್ ವಿಧಿವತ್ತಾಗಿ ಪರೀಕ್ಷೆ ನಡೆಸಿದರು. ಸುಮಾರು 18 ಅಶ್ವಶಕ್ತಿ, ನಿಮಿಷಕ್ಕೆ 154 ಸುತ್ತು. ಗಂಟೆಗೆ ಒಂದು ಅಶ್ವಶಕ್ತಿಗೆ ಖರ್ಚಾದ ಸೀಮೆಎಣ್ಣೆ ಸುಮಾರು 238 ಗ್ರಾಂ. ದಕ್ಷತೆ ಶೇಕಡ 26.2. ಡೀಸೆಲ್‌ನ ಮೊದಲ ಸಿದ್ಧಾಂತವು ಇದರ ಎರಡೂವರೆ ಪಟ್ಟಿಗೂ ಮೀರಿದ ದಕ್ಷತೆಯನ್ನು ನಿರೀಕ್ಷಿಸಿತ್ತು. ಅದು ಆಗಲೂ ಕೈಗೂಡಲಿಲ್ಲ, ಇಂದಿಗೂ ಕೈಗೂಡಿಲ್ಲ. ಆದರೂ ಅಂದಿನ ಪ್ರಪಂಚದ ಯಾವ ಎಂಜಿನ್ನೂ ಆ ಅಂಕಿಯ ಹತ್ತಿರ ಸುಳಿದಿರಲಿಲ್ಲ.

ನಮ್ಮ ಜೀಪಿನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ನಾಲ್ಕು ಚಕ್ರಗಳಿಗೂ ಬಲ ಕೊಡಬೇಕಾದರೆ ಇನ್ನೊಂದು ಗೇರ್ ಪೆಟ್ಟಿಗೆ, ಇನ್ನೊಂದು ಶಾಫ್ಟ್, ಮುಂದಿನ ಆಕ್ಸಲಿಗೆ ಇನ್ನೊಂದು ಡಿಫರೆನ್ಷಿಯಲ್ ಬೇಕು. ಇವೆಲ್ಲ ತೂಕ, ಇವೆಲ್ಲ ಘರ್ಷಣೆ. ಮುಂದಿನ ಚಕ್ರದ ಹಬ್ಬುಗಳನ್ನು ಬಿಡಿಸದಿದ್ದರೆ ಎರಡೇ ಚಕ್ರದಲ್ಲಿ ಓಡುವಾಗಲೂ ಆ ಭಾಗಗಳು ಸುಮ್ಮನೆ ಸುತ್ತುತ್ತಿರುತ್ತವೆ. ಘಟ್ಟದ ಕೆಸರಿಗೆಂದು ಇಟ್ಟ ಇಳಿಗೇರಿನಲ್ಲಿ ಅದೇ ದೂರಕ್ಕೆ ಎಂಜಿನ್ ಎರಡು ಪಟ್ಟಿಗೂ ಹೆಚ್ಚು ತಿರುಗಬೇಕು. ಪೆಟ್ಟಿಗೆಯಂಥ ಎತ್ತರದ ಮೈ ಗಾಳಿಯನ್ನು ಸೀಳುವ ಬದಲು ತಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ನಿಧಾನವಾಗಿ ಸಾಗುವಾಗ ಗಾಳಿಯ ದಾರಿಯನ್ನು ಕವಾಟವೊಂದು ಅಡ್ಡಗಟ್ಟುತ್ತದೆ. ಉಸಿರು ಕಟ್ಟಿಸಿ ಕೆಲಸ ಮಾಡಿಸಿದ ಹಾಗೆ. ಡೀಸೆಲ್ ಎಂಜಿನ್ ಪೂರ್ತಿ ಗಾಳಿಯನ್ನು ಎಳೆದುಕೊಂಡು ಅಗತ್ಯವಿದ್ದಷ್ಟೇ ಎಣ್ಣೆಯನ್ನು ಚಿಮ್ಮಿಸಿಕೊಳ್ಳುತ್ತದೆ. ತೋಟದ ದಾರಿಯಲ್ಲಿ ಆಮೆಯಂತೆ ತೆವಳುವ ಜೀಪಿಗೆ ಇದಕ್ಕಿಂತ ಒಪ್ಪುವ ಗುಣ ಬೇರಿಲ್ಲ. ಒಂದು ಲೀಟರ್ ಡೀಸೆಲ್ಲಿನಲ್ಲಿ ಅಡಗಿರುವ ಶಾಖವೇ ಪೆಟ್ರೋಲಿಗಿಂತ ಸುಮಾರು ಹತ್ತನೆಯ ಒಂದು ಪಾಲು ಹೆಚ್ಚು ಎಂಬುದನ್ನೂ ಹೇಳಬೇಕು. ಆ ಲಾಭದ ಕೀರ್ತಿ ಮಾತ್ರ ಎಂಜಿನ್ನಿಗೆ ಸಲ್ಲದು.

ಆದರೆ ಇಂಥ ಗಾಡಿಗಳನ್ನು ಡೀಸೆಲ್ ಕಾಣಲಿಲ್ಲ. ಅವನ ಎಂಜಿನ್ ಆಳೆತ್ತರವನ್ನು ಮೀರಿದ, ಟನ್ನುಗಟ್ಟಲೆ ಭಾರದ ಸ್ಥಾವರ. ಎಣ್ಣೆಯನ್ನು ಒಳಗೆ ಊದಲು ಪ್ರತ್ಯೇಕ ಕಂಪ್ರೆಸರ್ ಬೇಕಿತ್ತು. ಬಾಷ್ ಕಂಪನಿಯ ಇಂಧನ ಪಂಪು 1927ರಲ್ಲಿ ತಯಾರಾಗತೊಡಗಿದ ಮೇಲೆಯೇ ಅದು ರಸ್ತೆಗೆ ಸುಲಭವಾಗಿ ಒಗ್ಗಿತು. 1936ರಲ್ಲಿ ಬಂದ ಮರ್ಸಿಡಿಸ್ 260 ಡಿ ಕಾರು ನೂರು ಕಿಲೋಮೀಟರಿಗೆ 9ರಿಂದ 10 ಲೀಟರಿನಲ್ಲಿ ಓಡಿ ಬಾಡಿಗೆ ಕಾರಿನವರ ಮೆಚ್ಚುಗೆ ಪಡೆಯಿತು. ನಲವತ್ತರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪು ಕೂಡ ಪೆಟ್ರೋಲಿನದೇ. ಪ್ಯೂಜೊ ಮಾದರಿಯ ಡೀಸೆಲ್ ಎಂಜಿನ್ ಅದರ ವಂಶದ ಜೀಪುಗಳಿಗೆ ಬಂದದ್ದು ಎಂಬತ್ತರ ದಶಕದಲ್ಲಿ.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಈ ಎಂಜಿನ್ನಿಗೆ ಅತ್ಯುನ್ನತ ಬಹುಮಾನ ಲಭಿಸಿತು. ಅಲ್ಲಿ ಪ್ರದರ್ಶಿತವಾದ ಒಂದು ಸಣ್ಣ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. ಸ್ವಂತ ಎಣ್ಣೆಬಾವಿಯಿಲ್ಲದ ನಾಡುಗಳು ಬೆಳೆಯಿಂದಲೇ ಇಂಧನ ಪಡೆಯಬಹುದೆಂಬ ಆಸೆ ಡೀಸೆಲ್‌ನಲ್ಲಿ ಮುಂದೆ ಬಲವಾಗಿ ಬೇರೂರಿತು. ನೂರು ವರ್ಷಗಳ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ಓಡಿಸಿ ಹಳ್ಳಿಗಳಲ್ಲಿ ನೀರೆತ್ತಿಸಿದ್ದು ಅದೇ ಹಾದಿಯ ಕೆಲಸ.

ಇನ್ನು ಹಣದ ವಿಚಾರ. ಬ್ಯಾಂಕಿನಲ್ಲಿ ಸಾಲದ ಕಡತಗಳ ನಡುವೆ ಆಯುಷ್ಯ ಸವೆಸಿದ ನನಗೆ ಅವನ ಬಾಳಿನ ಈ ಭಾಗವೇ ಹೆಚ್ಚು ಕಾಡುತ್ತದೆ. ಅಮೆರಿಕದ ಹಕ್ಕುಗಳಿಗಾಗಿ ಬಿಯರ್ ಉದ್ಯಮಿ ಅಡಾಲ್ಫಸ್ ಬುಷ್ ಹತ್ತು ಲಕ್ಷ ಮಾರ್ಕ್ ಕೊಟ್ಟನು. ನಲವತ್ತು ತುಂಬುವುದರೊಳಗೆ ಡೀಸೆಲ್ ಶ್ರೀಮಂತ. ಆದರೆ ದುಡಿದು ದಣಿದ ದೇಹ ಅದೇ ಸಮಯದಲ್ಲಿ ಕುಸಿಯಿತು. 1898ರಲ್ಲಿ ತಿಂಗಳುಗಟ್ಟಲೆ ಆರೋಗ್ಯಧಾಮದಲ್ಲಿ ಇರಬೇಕಾಯಿತು. ಮಾರಿದ ಮೊದಲ ಎಂಜಿನ್ನುಗಳು ಕೆಟ್ಟು ವಾಪಸಾದವು. ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಎದ್ದಿತು. ಗಲಿಷಿಯಾ ಪ್ರಾಂತದ ಎಣ್ಣೆಬಾವಿಗಳಲ್ಲಿ ಹಾಕಿದ ಹಣ ಮುಳುಗಿತು. ನಿವೇಶನಗಳ ವ್ಯವಹಾರದಲ್ಲಿ ಮತ್ತಷ್ಟು ಹೋಯಿತು. ಶಾಖದ ಸೋರಿಕೆಯನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣು ಹಣದ ಸೋರಿಕೆಯನ್ನು ಕಾಣಲಿಲ್ಲವೇಕೆ? ಕಂಡರೂ ಮನೆಯವರಿಗೆ ಹೇಳುವ ಧೈರ್ಯ ಬರಲಿಲ್ಲವೆಂದೇ ನನ್ನ ಅನಿಸಿಕೆ. ದುಡಿಯುವವರ ಸಹಕಾರಿ ಸಮಾಜವೊಂದನ್ನು ಕಲ್ಪಿಸಿ 1903ರಲ್ಲಿ ಅವನು ಬರೆದ ಪುಸ್ತಕವನ್ನೂ ಕೊಳ್ಳುವವರು ವಿರಳವಾಗಿದ್ದರು.

ಮೂಲ ಪೇಟೆಂಟಿನ ಅವಧಿ ತೀರಿದ ಮೇಲೆ ಎಂಜಿನ್ನಿನ ಕೀರ್ತಿ ಏರಿತು, ಅವನ ಆದಾಯ ಏರಲಿಲ್ಲ. 1912ರಲ್ಲಿ ಸೆಲಾಂಡಿಯಾ ಎಂಬ ಹಡಗು ಡೀಸೆಲ್ ಬಲದಿಂದ ಮಹಾಸಾಗರಗಳನ್ನು ದಾಟಿತು. ಅದೇ ಹೊತ್ತಿಗೆ ಸ್ವದೇಶದ ಕೆಲವು ಪ್ರಾಧ್ಯಾಪಕರು, ಈ ಎಂಜಿನ್ ಪೇಟೆಂಟಿನಲ್ಲಿ ಹೇಳಿದ ಎಂಜಿನ್ನೇ ಅಲ್ಲವೆಂದು ಬಹಿರಂಗವಾಗಿ ವಾದಿಸತೊಡಗಿದರು. ಆ ವಾದದಲ್ಲಿ ಅರ್ಧ ಸತ್ಯವಿತ್ತು: ಮೊದಲ ಸಿದ್ಧಾಂತ ನಿಜಕ್ಕೂ ಬಹಳ ಬದಲಾಗಿತ್ತು. ಆದರೆ ಬದಲಾಯಿಸಿ ಓಡಿಸಿದವನೂ ಅವನೇ ಎಂಬುದನ್ನು ಅವರು ಮರೆತರು.

1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡೆನ್ ಎಂಬ ಹಡಗನ್ನು ಹತ್ತಿ ಡೀಸೆಲ್ ಇಂಗ್ಲೆಂಡಿಗೆ ಹೊರಟನು. ಸಂಗಡಿಗರೊಡನೆ ಊಟ ಮಾಡಿ, ರಾತ್ರಿ ಹತ್ತರ ಸುಮಾರಿಗೆ ತನ್ನ ಕೋಣೆಗೆ ಹೋದನು. ಬೆಳಗ್ಗೆ ಆರೂಕಾಲಿಗೆ ಎಬ್ಬಿಸಬೇಕೆಂದು ತಿಳಿಸಿದ್ದನು. ಬೆಳಗ್ಗೆ ಕೋಣೆ ಬರಿದಾಗಿತ್ತು. ಹಾಸಿಗೆಯಲ್ಲಿ ಮಲಗಿದ ಗುರುತಿಲ್ಲ. ಹಿಂಬದಿಯ ಕಟಕಟೆಯ ಬಳಿ ಟೋಪಿಯೂ ಮಡಿಸಿದ ಮೇಲಂಗಿಯೂ ಇದ್ದವು. ಎಣ್ಣೆ ಕಂಪನಿಗಳು ಕೊಲ್ಲಿಸಿದವೆಂದೂ ಗೂಢಚಾರರು ತಳ್ಳಿದರೆಂದೂ ಪತ್ರಿಕೆಗಳು ಬರೆದವು. ಯಾವುದಕ್ಕೂ ಆಧಾರ ದೊರೆಯಲಿಲ್ಲ. ಹೊರಡುವ ಮುನ್ನ ಹೆಂಡತಿಯ ಕೈಗಿತ್ತು, ವಾರದ ಬಳಿಕ ತೆರೆಯಲು ಹೇಳಿದ್ದ ಚೀಲದಲ್ಲಿ ನಗದು ಹಣವಿತ್ತು. ಅದರೊಡನೆ ಬ್ಯಾಂಕ್ ಖಾತೆಗಳು ಬಹುತೇಕ ಬರಿದಾಗಿವೆ ಎಂಬುದನ್ನು ತೋರಿಸುವ ಕಾಗದಗಳೂ ಇದ್ದವು. ದಿನಚರಿಯಲ್ಲಿ ಆ ತಾರೀಖಿನ ಎದುರು ಒಂದು ಶಿಲುಬೆಯ ಗುರುತು.

ಹತ್ತು ದಿನಗಳ ಮೇಲೆ ಡಚ್ ದೋಣಿಯೊಂದು ಸಮುದ್ರದಲ್ಲಿ ದೇಹವೊಂದನ್ನು ಕಂಡಿತು. ಗುರುತಿಸಲಾಗದ ಸ್ಥಿತಿಯಲ್ಲಿದ್ದುದರಿಂದ ನಾವಿಕರು ಜೇಬಿನಲ್ಲಿದ್ದ ವಸ್ತುಗಳನ್ನು ತೆಗೆದುಕೊಂಡು ದೇಹವನ್ನು ನೀರಿಗೇ ಬಿಟ್ಟರು. ಒಂದು ಗುಳಿಗೆ ಡಬ್ಬಿ, ಒಂದು ಪರ್ಸು, ಸಣ್ಣ ಚಾಕು, ಕನ್ನಡಕದ ಪೆಟ್ಟಿಗೆ. ಅಕ್ಟೋಬರ್ 13ರಂದು ಕಿರಿಯ ಮಗ ಆಯ್ಗೆನ್ ಅವುಗಳನ್ನು ನೋಡಿ, ತನ್ನ ತಂದೆಯವೆಂದು ಗುರುತಿಸಿದನು.